ನಿಬ್ಬಿನಿಂದ ಹಾರಿದ ಹಕ್ಕಿಗಳು

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬರವಣಿಗೆ ಕಲಿಸುವ ಮೇಷ್ಟರುಗಳು ಹಕ್ಕಿಗಳನ್ನೂ ಬರೆಯುತ್ತಿದ್ದರು. ಮೊದಲೇ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಳ್ಳುವುದಿಲ್ಲ, ಅಳಿಸಿ ತಿದ್ದುವುದಂತೂ ಇಲ್ಲವೇ ಇಲ್ಲ. ಮಸಿಯಲ್ಲಿ ಅದ್ದಿದ ಚೂಪು ನಿಬ್ಬನ್ನು ಕಾಗದಕ್ಕೆ ತಾಗಿಸಿ ತೋಳು ಬೀಸಿದರೆ ರೆಕ್ಕೆಯ ಒಂದು ಗರಿ, ಮತ್ತೆ ಬೀಸಿದರೆ ಇನ್ನೊಂದು. ಸುತ್ತ ಬಳ್ಳಿ, ಸುರುಳಿ. ವ್ಯಾಪಾರದ ಕಾಗದಪತ್ರ ಬರೆಯಲು ಹುಡುಗರನ್ನು ತಯಾರು ಮಾಡುತ್ತಿದ್ದ ಶಾಲೆಗಳಲ್ಲೇ ಈ ಆಟವೂ ನಡೆಯುತ್ತಿತ್ತು.

ಆಟದ ಗುಟ್ಟು ಇರುವುದು ನಿಬ್ಬಿನ ಸೀಳಿನಲ್ಲಿ. ತುದಿಯ ಎರಡು ಕವಲುಗಳು ಒತ್ತಿದಾಗ ಅಗಲುತ್ತವೆ, ನಡುವಿನಿಂದ ಮಸಿ ದಪ್ಪಗೆ ಇಳಿಯುತ್ತದೆ. ಒತ್ತಡ ಬಿಟ್ಟ ಕೂಡಲೇ ಉಕ್ಕು ಮತ್ತೆ ಕೂಡಿಕೊಂಡು ಗೆರೆ ಕೂದಲೆಳೆಯಾಗುತ್ತದೆ. ಚಪ್ಪಟೆ ನಿಬ್ಬಿನಲ್ಲಿ ಗೆರೆಯ ದಪ್ಪವನ್ನು ಲೇಖನಿ ಹಿಡಿದ ಕೋನ ತೀರ್ಮಾನಿಸಿದರೆ ಇಲ್ಲಿ ಬೆರಳಿನ ಒತ್ತಡವೇ ತೀರ್ಮಾನಿಸುತ್ತದೆ. ಒಂದು ಕಟ್ಟುಪಾಡು ಮಾತ್ರ ಮೀರುವಂತಿಲ್ಲ: ಒತ್ತಡವೇನಿದ್ದರೂ ನಿಬ್ಬನ್ನು ಎಳೆಯುವಾಗ. ಒತ್ತಿಕೊಂಡೇ ಮುಂದಕ್ಕೆ ತಳ್ಳಿದರೆ ತುದಿ ಕಾಗದಕ್ಕೆ ಚುಚ್ಚಿಕೊಂಡು ಮಸಿ ಸಿಡಿಯುತ್ತದೆ.

ಹಾಗಾದರೆ ಮೇಲ್ಮುಖವಾದ ರೆಕ್ಕೆಗೆ ದಪ್ಪ ಗೆರೆ ಬಂದದ್ದು ಹೇಗೆ? ಆ ಕಾಲದ ಬರವಣಿಗೆಯ ಮೇಷ್ಟರುಗಳು ಕಂಡುಕೊಂಡ ಉಪಾಯ ಸೊಗಸಾದದ್ದು. ಅವರು ಲೇಖನಿಯನ್ನೇ ತಿರುಗಿಸಿ, ನಿಬ್ಬಿನ ಮೂತಿ ತಮ್ಮ ಎದೆಯ ಕಡೆಗೆ ಬರುವಂತೆ ಹಿಡಿದರು. ಆಗ ಕೈಯನ್ನು ತಮ್ಮಿಂದ ದೂರಕ್ಕೆ ಬೀಸುವುದೇ ಎಳೆತವಾಯಿತು. ಒಹಾಯೊದ ಕೊಲಂಬಸ್‌ನಲ್ಲಿ ಬರವಣಿಗೆಯ ಕಾಲೇಜು ನಡೆಸಿದ ಚಾರ್ಲ್ಸ್ ಪ್ಯಾಕ್ಸ್‌ಟನ್ ಝೇನರ್ ಅಂಥವರು ಇದನ್ನು ಪುಸ್ತಕ ಬರೆದು ಕಲಿಸಿದರು.

ಇವರೆಲ್ಲರ ಹಿಂದೆ ಪ್ಲ್ಯಾಟ್ ರೋಜರ್ಸ್ ಸ್ಪೆನ್ಸರ್ (1800–1864) ಇದ್ದಾನೆ. ಎರೀ ಸರೋವರದ ದಂಡೆಯ ನುಣುಪು ಕಲ್ಲುಗಳ ಅಂಡಾಕಾರವೇ ಅವನ ಅಕ್ಷರಗಳಿಗೆ ಮೂಲವೆಂದು ಹೇಳುವುದುಂಟು. ಸ್ಪೆನ್ಸರನ ಹೆಸರು ಕೇಳದವರೂ ಅವನ ಬರವಣಿಗೆಯ ಶೈಲಿಯನ್ನು ನೋಡಿಯೇ ಇರುತ್ತಾರೆ. 1886ರಲ್ಲಿ ಅಟ್ಲಾಂಟಾದ ಲೆಕ್ಕಿಗ ಫ್ರಾಂಕ್ ರಾಬಿನ್‌ಸನ್ ಕೋಕಾ-ಕೋಲಾ ಎಂಬ ಹೆಸರನ್ನು ಬರೆದದ್ದು ಅದೇ ಶೈಲಿಯಲ್ಲಿ.

ನಿಬ್ಬುಗಳು ಬಹುಪಾಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಬರುತ್ತಿದ್ದವು. ಉಕ್ಕಿನ ತಗಡನ್ನು ಕತ್ತರಿಸಿ, ತೂತು ಕೊರೆದು, ಬಾಗಿಸಿ, ಕಾಯಿಸಿ ಹದಗೊಳಿಸಿ, ಅರೆದು, ಕೊನೆಗೆ ಸೀಳು ಹಾಕುವ ಈ ಕೆಲಸದಲ್ಲಿ ಹೆಚ್ಚಿನವರು ಹೆಂಗಸರು. ಇಷ್ಟು ಸೂಕ್ಷ್ಮವಾದ ಬರವಣಿಗೆಗೆ ಆಧಾರವಾದ ಅವರ ಕೈಗಳಿಗೆ ಕಲೆಯ ಇತಿಹಾಸದಲ್ಲಿ ಸಿಕ್ಕಿರುವ ಜಾಗ ತೀರಾ ಚಿಕ್ಕದು. ಅಲ್ಲಿನ ಜೋಸೆಫ್ ಗಿಲ್ಲಟ್ ಹೆಸರಿನ ನಿಬ್ಬು ಇಂದಿಗೂ ಮಾರುಕಟ್ಟೆಯಲ್ಲಿದೆ.

ಹೊಸಬರಿಗೆ ಮಾತ್ರ ಜಪಾನಿನ ನಿಕ್ಕೋ-ಜಿ ಅಥವಾ ಝೀಬ್ರಾ-ಜಿ ಒಳ್ಳೆಯದು. ಮಂಗಾ ಚಿತ್ರಕಾರರು ಬಳಸುವ ಈ ನಿಬ್ಬು ಸ್ವಲ್ಪ ಬಿಗಿಯಾಗಿದ್ದು, ಕೈ ಒಗ್ಗದವರ ಒತ್ತಡವನ್ನೂ ತಾಳಿಕೊಳ್ಳುತ್ತದೆ. ತುಕ್ಕು ಹಿಡಿಯದಿರಲೆಂದು ಹೊಸ ನಿಬ್ಬಿಗೆ ಎಣ್ಣೆ ಸವರಿರುತ್ತಾರೆ, ಅದರ ಮೇಲೆ ಮಸಿ ನಿಲ್ಲುವುದಿಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆದರೆ ಸಾಕು. ನೋಟ್‌ಬುಕ್ಕಿನ ಅಗ್ಗದ ಹಾಳೆಯಲ್ಲಿ ಮಸಿ ಬೇರು ಬಿಟ್ಟಂತೆ ಹರಡಿಕೊಳ್ಳುತ್ತದೆ, ನುಣುಪಾದ ದಪ್ಪ ಹಾಳೆ ಬೇಕು.

ಮಸಿಯ ವಿಷಯಕ್ಕೆ ಬಂದರೆ, ಅತಿ ತೆಳುವಾದ ಗೆರೆಗೆ ಪಳಗಿದವರು ನೆಚ್ಚುವುದು ಕಬ್ಬಿಣದ ಮಸಿಯನ್ನು. ಯುರೋಪಿನಲ್ಲಿ ಓಕ್ ಮರದ ಗಂಟುಕಾಯಿಯ ಒಗರಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಇದನ್ನು ಮಾಡುತ್ತಿದ್ದರು. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಕಪ್ಪು ಮಾಡಿಕೊಳ್ಳುತ್ತಿದ್ದುದೂ ಇದೇ ರಸಾಯನ. ಬರೆದಾಗ ಮಸುಕಾಗಿ ಕಾಣುವ ಗೆರೆ ಗಾಳಿಗೆ ಕಪ್ಪೇರುತ್ತದೆ. ನಿಬ್ಬನ್ನು ಕೂಡಲೇ ತೊಳೆದು ಒರೆಸದಿದ್ದರೆ ಅದೇ ಮಸಿ ಉಕ್ಕನ್ನು ತಿಂದುಹಾಕುತ್ತದೆ.

ಅಭ್ಯಾಸ ಶುರುವಾಗುವುದು ಅಕ್ಷರದಿಂದಲ್ಲ, ಅಂಡಾಕಾರದ ಸುತ್ತುಗಳಿಂದ. ಬೆರಳುಗಳು ಸಡಿಲವಾಗಿದ್ದು ಮುಂದೋಳು ಚಲಿಸಬೇಕು. ಅಕ್ಷರಗಳನ್ನು ನಿಧಾನವಾಗಿ ಬರೆಯಬಹುದು. ಅಲಂಕಾರದ ಸುರುಳಿಯನ್ನು ನಿಧಾನಿಸಿದರೆ ಗೆರೆ ನಡುಗುತ್ತದೆ. ಅದಕ್ಕೇ ಅನೇಕರು ನಿಬ್ಬನ್ನು ಕಾಗದಕ್ಕೆ ಮುಟ್ಟಿಸದೆ ಗಾಳಿಯಲ್ಲೇ ಒಂದೆರಡು ಸುತ್ತು ಹಾಕಿ, ಅದೇ ಓಟದಲ್ಲಿ ಕೆಳಗಿಳಿಸುತ್ತಾರೆ. ಕಲಿಯಲು ಗುರು ಸಿಗದಿದ್ದರೆ, 1949ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇಯಾಂಪೆತ್ ಸಂಸ್ಥೆ ಹಳೆಯ ಪಾಠಪುಸ್ತಕಗಳ ಪ್ರತಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಅದರಲ್ಲಿ ಹಕ್ಕಿಗಳೂ ಇವೆ.

ಕನ್ನಡಕ್ಕೆ ಈ ನಿಬ್ಬು ಒಗ್ಗುತ್ತದೆಯೇ? ಓಲೆಗರಿಯ ಮೇಲೆ ಕಂಠವೆಂಬ ಲೋಹದ ಕಡ್ಡಿಯಲ್ಲಿ ಕೊರೆದು ಬೆಳೆದ ನಮ್ಮ ಅಕ್ಷರ ದುಂಡಗಿನದು, ಬರೆಯುವಾಗ ಗೆರೆಯ ದಪ್ಪ ಬಹುಮಟ್ಟಿಗೆ ಒಂದೇ ಸಮ. ಆದರೂ ಪ್ರಯತ್ನಿಸುವವರಿಗೆ ಕೊಂಬು, ದೀರ್ಘ, ವಟ್ರಸುಳಿ, ಒತ್ತಕ್ಷರಗಳೆಲ್ಲ ಬಾಲ ಬೆಳೆಸಲು ಹೇಳಿ ಮಾಡಿಸಿದ ಜಾಗಗಳು. ಲಗ್ನಪತ್ರಿಕೆಯ ನೆತ್ತಿಯ ಮೇಲೆ ಕೂರುವ ‘ಶ್ರೀ’ಯಿಂದಲೇ ಆರಂಭಿಸಬಹುದು: ಕೆಳಗಿನ ಒತ್ತನ್ನು ಒಂದು ಕಡೆಗೆ, ಬಲಗಡೆಯ ದೀರ್ಘವನ್ನು ಇನ್ನೊಂದು ಕಡೆಗೆ, ಹಾಳೆಯಲ್ಲಿ ಜಾಗವಿರುವಷ್ಟೂ ಬೀಸಿ ಎಳೆಯಬಹುದು.