ಕುಬಸದ ಮರುದಿನ

ಐದನೆಯದೋ ಏಳನೆಯದೋ ತಿಂಗಳಿನಲ್ಲಿ ಬಸುರಿಗೆ ಹಸಿರು ಸೀರೆಯನ್ನುಡಿಸಿ, ಕೈತುಂಬ ಹಸಿರು ಬಳೆಗಳನ್ನಿಡಿಸಿ, ಉಡಿ ತುಂಬಿ ಆರತಿ ಬೆಳಗುವ ಕುಬಸವೆಂಬ ಮಂಗಳಕಾರ್ಯವು ಚಿಕ್ಕೋಡಿ, ರಾಯಬಾಗ, ಅಥಣಿಗಳ ಸೀಮೆಯಲ್ಲಿ ಇಂದಿಗೂ ಕುಂದಿಲ್ಲ; ನಿಪ್ಪಾಣಿ, ಕಾಗವಾಡಗಳ ಮರಾಠಿ ಮನೆಗಳಲ್ಲಿ ಅದೇ ಸಂಭ್ರಮವು ಡೋಹಾಳೆ ಜೇವಣವೆಂಬ ಹೆಸರಿನಿಂದ ನಡೆಯುತ್ತದೆ. ಅಂದು ತವರಿನವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ; ಹೋಳಿಗೆ, ಕರಿಗಡಬು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇವೆಲ್ಲ ಅವಳ ಮುಂದೆ ಸಾಲುಗೊಳ್ಳುತ್ತವೆ; ಏನು ಬಯಕೆಯೆಂದು ಕೇಳದ ಬಂಧುವಿಲ್ಲ. ಆ ಒಂದು ದಿನ ಅವಳ ಎಲೆಯೇ ಮೊದಲ ಎಲೆ. ಮರುದಿನ ಬೆಳಗಾದರೆ ಅವಳು ಯಥಾಪ್ರಕಾರ ಒಲೆಯ ಮುಂದೆ ಕುಳಿತವಳು. ಗಂಡಸರು, ಮಕ್ಕಳು, ಅತ್ತೆ ಮಾವಂದಿರು ಉಂಡೆದ್ದ ಮೇಲೆ ಬುಟ್ಟಿಯಲ್ಲಿ ಉಳಿದ ರೊಟ್ಟಿಗೆ ಗಡಿಗೆಯ ತಳದಲ್ಲಿ ಉಳಿದ ಪಲ್ಯವನ್ನು ಬಳಿದುಕೊಂಡು ಉಣ್ಣತಕ್ಕವಳು.

ಗರ್ಭಿಣಿಯರಿಗೂ ಬಾಣಂತಿಯರಿಗೂ ಎಳೆಯ ಮಕ್ಕಳಿಗೂ ಸರಕಾರವು ಕೊಡುವ ಪೌಷ್ಟಿಕ ಆಹಾರದ ವಿಚಾರವಾಗಿ ಬರೆಯುವವರು ಸಾಮಾನ್ಯವಾಗಿ ಗ್ರಾಮು, ಕ್ಯಾಲೊರಿಗಳಿಂದ ಆರಂಭಿಸುತ್ತಾರೆ. ಆ ಲೆಕ್ಕವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಕುಬಸದ ಮರುದಿನವನ್ನು ಮರೆತು ಮಾಡಿದ ಲೆಕ್ಕವು ಕಾಗದದ ಮೇಲೆ ಎಷ್ಟು ಸರಿಯಾಗಿದ್ದರೂ ಗರ್ಭಿಣಿಯ ಹೊಟ್ಟೆಯನ್ನು ಮುಟ್ಟುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಅನ್ನದಲ್ಲಿ ಏನಿದೆ ಎಂಬುದರಷ್ಟೇ, ಅದು ಯಾರ ಕೈಯಿಂದ, ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ಅವಳಿಗೆ ಸಿಕ್ಕುತ್ತದೆ ಎಂಬುದೂ ಮುಖ್ಯ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ಕೃಷ್ಣಾ ತೀರದವರೆಗೆ ಅಂಗನವಾಡಿಯು ನಡೆದುಬಂದ ದಾರಿ ದೀರ್ಘವಾದುದು. ಅದರಲ್ಲಿ ನ್ಯಾಯಾಲಯದ ಪಾಲೂ ಇದೆ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಈ ಆಹಾರವು ಪ್ರತಿಯೊಬ್ಬ ಅರ್ಹರಿಗೂ ತಲುಪಬೇಕೆಂದು ಆಜ್ಞಾಪಿಸಿತು. 2004ರಲ್ಲಿ, ಇದರ ಪೂರೈಕೆಗೆ ಗುತ್ತಿಗೆದಾರರನ್ನು ಬಳಸಕೂಡದು, ಊರಿನ ಮಹಿಳಾ ಮಂಡಳಗಳೂ ಸ್ವಸಹಾಯ ಸಂಘಗಳೂ ಅಡುಗೆಯ ಹೊಣೆ ಹೊರಲಿ ಎಂದಿತು. ತಾಲೂಕುಗಳಲ್ಲಿ ಮಹಿಳೆಯರೇ ಧಾನ್ಯ ಹುರಿದು, ಬೀಸಿ, ‘ಪುಷ್ಟಿ’ಯೆಂಬ ಮಕ್ಕಳ ಹಿಟ್ಟಿನ ಪೊಟ್ಟಣ ಕಟ್ಟುವ ಕೇಂದ್ರಗಳ ಬೆನ್ನ ಹಿಂದೆ ಈ ನ್ಯಾಯನಿರ್ಣಯವಿದೆ. 2013ರ ಆಹಾರ ಭದ್ರತಾ ಕಾಯಿದೆಯು ಅದನ್ನೇ ಶಾಸನದ ಭಾಷೆಯಲ್ಲಿ ಸ್ಥಿರಗೊಳಿಸಿತು: ಬಸುರಿನ ಕಾಲದಲ್ಲಿಯೂ ಹೆರಿಗೆಯಾದ ಮೇಲೆ ಆರು ತಿಂಗಳವರೆಗೂ ಸ್ಥಳೀಯ ಅಂಗನವಾಡಿಯ ಮೂಲಕ ಉಚಿತವಾದ ಊಟ, ಅದರಲ್ಲಿ 600 ಕ್ಯಾಲೊರಿ ಶಕ್ತಿ, 18ರಿಂದ 20 ಗ್ರಾಂ ಪ್ರೋಟೀನು. ಇದು ದಯೆಯಲ್ಲ, ಹಕ್ಕು. ಆದರೂ ಊರಿನಲ್ಲಿ ಇದನ್ನು ಇನ್ನೂ ‘ಸರಕಾರದವರು ಕೊಡೂದು’ ಎಂದೇ ಹೇಳುವುದು.

ಇನ್ನು ಇಂಥ ಆಹಾರದ ಕಲ್ಪನೆ ನಮ್ಮಲ್ಲಿಯೇ ಹುಟ್ಟಿತೆಂಬ ಅಭಿಮಾನವೂ ಬೇಡ, ಪರರಿಂದ ಎರವಲು ತಂದೆವೆಂಬ ಸಂಕೋಚವೂ ಬೇಡ. ಬಾಂಬಿನ ಭೀತಿಯಲ್ಲಿದ್ದ ಬ್ರಿಟನ್ನು 1940ರಲ್ಲಿ ಗರ್ಭಿಣಿಯರಿಗೂ ಮಕ್ಕಳಿಗೂ ಅಗ್ಗವಾಗಿ, ಬಡವರಿಗೆ ಪುಕ್ಕಟೆಯಾಗಿ ಹಾಲು ಹಂಚಿತು. ಅದರ ಹಿಂದೆಯೇ ಕಿತ್ತಳೆಯ ರಸವೂ ಕಾಡ್ ಮೀನಿನ ಎಣ್ಣೆಯೂ ಬಂದವು. ಅಮೆರಿಕದಲ್ಲಿ ತಾಯಿ ಮಕ್ಕಳಿಗೆ ಹಾಲು, ಮೊಟ್ಟೆ, ಕಾಳುಗಳನ್ನು ಅಂಗಡಿಯಿಂದ ಕೊಡಿಸುವ ‘ವಿಕ್’ ಎಂಬ ಕಾರ್ಯಕ್ರಮವು ಶಾಶ್ವತವಾದುದು ನಮ್ಮ ಅಂಗನವಾಡಿ ಹುಟ್ಟಿದ 1975ರಲ್ಲಿಯೇ. ಅದಕ್ಕೂ ಬಹು ಮುಂಚೆ, ಐವತ್ತರ ದಶಕದಲ್ಲಿ, ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ, ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ ಬಹೂಪಯೋಗಿ ಆಹಾರವೊಂದನ್ನು ಸಿದ್ಧಪಡಿಸಿದ್ದರು. ಪುಷ್ಟಿಯ ವಂಶವೃಕ್ಷವನ್ನು ಹುಡುಕುವವರು ಅಲ್ಲಿಗೆ ಹೋಗಬೇಕು.

ಕರ್ನಾಟಕವು 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯು, ನನ್ನ ಮಟ್ಟಿಗೆ, ಕುಬಸದ ಮರುದಿನವನ್ನು ಕಂಡು ಮಾಡಿದ ಏಕೈಕ ಏರ್ಪಾಡು. ಅದುವರೆಗೆ ಮನೆಗೆ ಒಯ್ಯಲು ಕೊಡುತ್ತಿದ್ದ ರೇಷನ್ನಿಗೆ ಬದಲಾಗಿ ತಿಂಗಳಿಗೆ 25 ದಿನ ಮಧ್ಯಾಹ್ನ ಅಂಗನವಾಡಿಯಲ್ಲಿಯೇ ಬಿಸಿಯೂಟ: ಅನ್ನ, ಕಾಯಿಪಲ್ಯ ಹಾಕಿದ ಸಾಂಬಾರು, ಬೇಯಿಸಿದ ಮೊಟ್ಟೆ ಅಥವಾ ಮೊಳಕೆ ಕಾಳು, 200 ಮಿಲಿಲೀಟರ್ ಹಾಲು, ಶೇಂಗಾ ಚಿಕ್ಕಿ, ಊಟದ ಮೇಲೆ ಅಂಗನವಾಡಿಯ ಅಕ್ಕೋರ ಕಣ್ಣೆದುರಿಗೇ ನುಂಗಬೇಕಾದ ಕಬ್ಬಿಣದ ಗುಳಿಗೆ. ತಟ್ಟೆ ಮುಂದೆ ಬಂದಾಗ ನಡೆಯುವುದನ್ನು ಸಮೀಪದಿಂದ ನೋಡಿದವರಿಗೆ ಈ ಯೋಜನೆಯ ಮರ್ಮ ತಿಳಿಯುತ್ತದೆ. ಅನ್ನವನ್ನು ಕಲಸುವುದಕ್ಕೆ ಮೊದಲೇ ಚಿಕ್ಕಿಯು ಸೆರಗಿನ ತುದಿಯ ಗಂಟಿಗೆ ಸೇರುತ್ತದೆ, ಮನೆಯಲ್ಲಿರುವ ಹಿರಿಯ ಕೂಸಿಗಾಗಿ. ಮೊಟ್ಟೆಯನ್ನು ಸುಲಿದ ಬೆರಳುಗಳು ಕ್ಷಣಕಾಲ ನಿಲ್ಲುತ್ತವೆ.

“ಅಕ್ಕೋರ, ಇದೊಂದ ಮನೀಗೆ ಒಯ್ಲೇನ್ರಿ?”

“ಇಲ್ಲೇ ಉಣ್ಣವಾ. ಮನೀಗೆ ಒಯ್ದ್ರ ನಿನ್ನ ಬಾಯಿಗೆ ಏನೂ ಉಳಿಯಂಗಿಲ್ಲ.”

ಕೊರೊನಾದ ಕಾಲದಲ್ಲಿ ಊಟ ನಿಂತು ಪುನಃ ರೇಷನ್ನು ಮನೆಗೆ ಹೋಯಿತು. ಅಕ್ಕಿ ಮನೆಯ ಅಕ್ಕಿಯಲ್ಲಿ, ಬೇಳೆ ಮನೆಯ ಬೇಳೆಯಲ್ಲಿ ಬೆರೆತು, ಗರ್ಭಿಣಿಯ ಪಾಲೆಂಬುದು ಕೃಷ್ಣೆಗೆ ಕೂಡಿದ ದೂಧಗಂಗೆಯಂತೆ ಪ್ರತ್ಯೇಕವಾಗಿ ಗುರುತಿಸಲು ಬಾರದಂತಾಯಿತು. ಮನೆಯವರು ದುಷ್ಟರೆಂದು ಹೀಗಾಗುವುದಲ್ಲ. ಹಂಚಿ ಉಣ್ಣುವುದೇ ಬಡವರ ಮನೆಯ ಧರ್ಮ, ಆ ಧರ್ಮದ ಭಾರ ಕೊನೆಗೆ ಉಣ್ಣುವವಳ ಮೇಲೆ ಬೀಳುತ್ತದೆ, ಅಷ್ಟೆ.

ಹಾಗಾದರೆ ಬಿಸಿಯೂಟವೇ ಸರ್ವಪರಿಹಾರವೆನ್ನೋಣವೆಂದರೆ, ಮೊದಲು ಹೆಸರಿಸಿದ ಐದು ತಾಲೂಕುಗಳು ಹಾಗೆನ್ನಲು ಬಿಡುವುದಿಲ್ಲ. ನಿಪ್ಪಾಣಿಯನ್ನು ನೋಡಿರಿ. ತಂಬಾಕಿನ ವಖಾರಿಗಳ ಈ ಊರಿನ ಹೆಣ್ಣಾಳುಗಳ ಹೋರಾಟವನ್ನು ‘ಯುಗಾಂತರ’ವೆಂಬ ಮಹಿಳಾ ಚಿತ್ರತಂಡವು 1982ರಷ್ಟು ಹಿಂದೆಯೇ ಚಿತ್ರೀಕರಿಸಿತು, ಅದಕ್ಕೆ ಒಂದು ವರ್ಷ ಮೊದಲು ತಂಬಾಕಿನ ಬೆಲೆಗಾಗಿ ರೈತರು ಹೆದ್ದಾರಿಯಲ್ಲಿ ಕುಳಿತು ಗುಂಡಿನೇಟಿಗೆ ಬಲಿಯಾದ ಊರೂ ಇದೇ. ಬೀಡಿ ಕಟ್ಟುವವಳಿಗೆ ಕೂಲಿಯು ಸಾವಿರದ ಲೆಕ್ಕದಲ್ಲಿ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಬಸುರಿಯು ಅಂಗನವಾಡಿಗೆ ಹೋಗಿ, ಸರದಿ ಕಾದು, ಉಂಡು ಬರುವ ಹೊತ್ತಿನಲ್ಲಿ ಕಟ್ಟಬಹುದಾದ ಬೀಡಿಗಳ ಕೂಲಿಯನ್ನು ಕಳೆದುಕೊಳ್ಳುತ್ತಾಳೆ. ಸರಕಾರಕ್ಕೆ ಉಚಿತವಾಗಿ ಕಂಡ ಊಟಕ್ಕೆ ಅವಳು ಹೀಗೆ ಬೆಲೆ ತೆರುತ್ತಾಳೆ. ಇದರ ಜೊತೆಗೆ ಊರ ನಡುವೆ ಹಾದು ಉಣ್ಣಲು ಹೋಗುವ ನಾಚಿಕೆಯೊಂದು. ಯಾರ ಪಂಕ್ತಿಯಲ್ಲಿ ಕೂಡುವುದೆಂಬ ಜಾತಿಯ ಗೊಣಗೊಂದು. ದೃಷ್ಟಿ ತಗಲೀತೆಂಬ ಅತ್ತೆಯ ಅಂಜಿಕೆ ಇನ್ನೊಂದು. ‘ಹೆಚ್ಚು ಉಂಡರ ಕೂಸು ದಪ್ಪಾಗಿ ಹಡಿಯೂದು ತ್ರಾಸ ಆಕ್ಕೈತಿ’ ಎಂಬ ಮಾತನ್ನು ಮೌಢ್ಯವೆಂದು ನಕ್ಕುಬಿಡುವುದು ಸುಲಭ. ಶಸ್ತ್ರಚಿಕಿತ್ಸೆಯ ಆಸ್ಪತ್ರೆಯು ಎತ್ತಿನ ಬಂಡಿಯ ದಾರಿಯಷ್ಟು ದೂರವಿದ್ದ ಕಾಲದಲ್ಲಿ ಅಜ್ಜಿಯರು ಕಲಿತ ಎಚ್ಚರಿಕೆಯದು. ಕಾಲ ಬದಲಾದರೂ ಎಚ್ಚರಿಕೆ ಉಳಿದಿದೆ.

ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಸಮಸ್ಯೆ ಬೇರೆ ಬಗೆಯದು. 1939ರಲ್ಲಿ ಸ್ಥಾಪಿತವಾದ ಉಗಾರ ಸಕ್ಕರೆ ಕಾರ್ಖಾನೆಯ ಕಾಲದಿಂದ ಇಂದಿನವರೆಗೆ, ಏತ ನೀರಾವರಿಯ ನೀರು ಏರಿದಲ್ಲೆಲ್ಲ ಜೋಳದ ಹೊಲಗಳನ್ನು ಕಬ್ಬು ಆಕ್ರಮಿಸುತ್ತ ಬಂದಿದೆ. ಕಬ್ಬಿನಿಂದ ಹಣ ಬಂದಿತು, ಮನೆಗಳು ಮಾಳಿಗೆಯಾದವು, ಸಂತೋಷವೇ. ಆದರೆ ಜೋಳದ ಹೊಲದೊಡನೆ ಅಕ್ಕಡಿ ಸಾಲಿನ ಅಲಸಂದಿ, ಹೆಸರು, ಮಡಕಿಗಳೂ, ಬದುವಿನ ಮೇಲೆ ತಾನಾಗಿ ಬೆಳೆಯುತ್ತಿದ್ದ ಹಕ್ಕರಕಿ, ಕಿರಕಸಾಲಿ, ರಾಜಗಿರಿಗಳೂ ಹೋದವು. ಇದೇನು ಹಳೆಯದರ ಹಂಬಲವಲ್ಲ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧಕರು 1993ರಿಂದ ಸುತ್ತಲಿನ ಹಳ್ಳಿಗಳ ಗರ್ಭಿಣಿಯರ ಆಹಾರವನ್ನು ಅಳೆದು ನೋಡಿದಾಗ, ಒಟ್ಟು ಕ್ಯಾಲೊರಿಗಿಂತ, ಹಸಿರು ಸೊಪ್ಪು, ಹಣ್ಣು, ಹಾಲುಗಳನ್ನು ಮೇಲಿಂದ ಮೇಲೆ ತಿಂದುದಕ್ಕೂ ಶಿಶುವಿನ ಹುಟ್ಟಿದಾಗಿನ ಗಾತ್ರಕ್ಕೂ ಸಂಬಂಧ ಕಂಡುಬಂದಿತು. ಅದೂ ನಮ್ಮದೇ ದಖನ್ನಿನ ಮಣ್ಣು, ನಮ್ಮಂಥವರದೇ ಒಲೆ. ಎಮ್ಮೆಯ ಹಾಲು ಬೆಳಕು ಹರಿಯುವ ಮುನ್ನ ಡೇರಿಯ ಕ್ಯಾನಿಗೆ ಹೋಗಿ, ಅದೇ ಮನೆಯ ಕೂಸಿಗೆ ಅಂಗನವಾಡಿಯಲ್ಲಿ ಪುಡಿಯನ್ನು ಕದಡಿ ಮಾಡಿದ ಹಾಲು ಸಿಗುವ ಈ ಕಾಲದಲ್ಲಿ, 2013ರ ಆಗಸ್ಟ್ 1ರಂದು ಪ್ರಾರಂಭವಾದ ಕ್ಷೀರಭಾಗ್ಯವನ್ನು ನಾನು ಹೊಗಳದೆ ಇರಲಾರೆ, ಹೊಗಳುವಾಗ ನಗದೆಯೂ ಇರಲಾರೆ.

ಕಾಲದ ಪ್ರಶ್ನೆ ಇನ್ನೊಂದಿದೆ. ಬೆಳಗಾವಿಯ ಜೆ.ಎನ್. ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರೂ ಪಾಲುಗೊಂಡು, ಗ್ವಾಟೆಮಾಲಾ, ಪಾಕಿಸ್ತಾನ, ಕಾಂಗೋಗಳಲ್ಲಿಯೂ ಏಕಕಾಲಕ್ಕೆ ನಡೆದ ಒಂದು ಅಧ್ಯಯನದಲ್ಲಿ ಕೆಲವು ಹೆಂಗಸರಿಗೆ ಬಸಿರು ನಿಲ್ಲುವುದಕ್ಕೆ ಮೂರು ತಿಂಗಳಾದರೂ ಮುಂಚಿತವಾಗಿಯೇ, ಇನ್ನು ಕೆಲವರಿಗೆ ಬಸಿರಿನ ಮೂರನೆಯ ತಿಂಗಳ ಸುಮಾರಿಗೆ ಪೋಷಕಾಂಶಗಳ ಪೂರಕವನ್ನು ಕೊಟ್ಟರು. ಕೊಡದಿದ್ದವರ ಶಿಶುಗಳಿಗಿಂತ ಈ ಎರಡೂ ಗುಂಪಿನವರ ಶಿಶುಗಳು ಉದ್ದವಾಗಿ ಹುಟ್ಟಿದವೆಂದು 2019ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಬಸುರಿಯು ತಾಯಿ ಕಾರ್ಡು ಮಾಡಿಸಿಕೊಂಡು ಅಂಗನವಾಡಿಯ ದಫ್ತರಿನಲ್ಲಿ ಹೆಸರು ಬರೆಸುವ ಹೊತ್ತಿಗೆ ಎಷ್ಟೋ ಸಲ ನಾಲ್ಕು ತಿಂಗಳು ಕಳೆದಿರುತ್ತವೆ. ‘ಮೂರು ತುಂಬೂತನಕ ಯಾರಿಗೂ ಹೇಳಬಾರದು’ ಎಂಬ ಪದ್ಧತಿಗೆ ದಫ್ತರು ಬಾಗಲೇಬೇಕಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ರಾಜ್ಯದ ಗರ್ಭಿಣಿಯರಲ್ಲಿ ಶೇಕಡಾ 45.7 ಮಂದಿಗೆ ರಕ್ತಹೀನತೆಯಿದೆಯೆಂದೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4 ಮಂದಿಯ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲವೆಂದೂ ತಿಳಿಸಿತು. ಆ ರಕ್ತಹೀನತೆ ಬಸುರಾದ ಮೇಲೆ ಬಂದುದಲ್ಲ, ಬಹುಮಟ್ಟಿಗೆ ಮದುವೆಯ ಮಂಟಪಕ್ಕೆ ಅವಳೊಡನೆ ಬಂದುದು. ಊಟದ ಬೆನ್ನಿಗೇ ಕುಡಿಯುವ ಚಹಾ ಆಹಾರದಲ್ಲಿಯ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲವೆಂದು ಈ ಸೀಮೆಯಲ್ಲಿ ಹೇಳಿ ಬದುಕುವುದು ಕಷ್ಟ, ಆದರೂ ಹೇಳಬೇಕು.

ಬಾಣಂತನದಲ್ಲಿ ಮಾತ್ರ ನಮ್ಮ ಹಿರಿಯರ ಅಡುಗೆಮನೆ ಸರಕಾರಕ್ಕಿಂತ ಉದಾರಿ. ತುಪ್ಪದಲ್ಲಿ ಹುರಿದು ಅರಳಿಸಿದ ಅಂಟು, ತುರಿದ ಒಣಕೊಬ್ಬರಿ, ಕುಟ್ಟಿದ ಉತ್ತತ್ತಿ, ಗಸಗಸಿ, ಬೆಲ್ಲ ಸೇರಿಸಿ ಕಟ್ಟಿದ ಅಂಟಿನುಂಡಿ. ಹಾಲಿನಲ್ಲಿ ಕುದಿಸಿದ ಅಳವಿಯ ಪಾಯಸ. ಇಷ್ಟು ಒಳ್ಳೆಯದನ್ನು ಕಂಡುಹಿಡಿದವರೇ ಸೊಪ್ಪು ತಿಂದರೆ ಕೂಸಿಗೆ ಹೊಟ್ಟೆನೋವು, ನೀರು ಕುಡಿದರೆ ನಂಜು ಎಂದದ್ದೂ, ಹುಟ್ಟಿದ ಕೂಸಿಗೆ ತಾಯಿಯ ಮೊದಲ ಹಾಲನ್ನು ತಪ್ಪಿಸಿ ಜೇನೋ ಗುಟ್ಟಿಯೋ ನೆಕ್ಕಿಸಿದ್ದೂ ವಿಚಿತ್ರ. ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡವೆಂಬುದು ಈಗ ಅಕ್ಕೋರ ನಾಲಗೆಯ ತುದಿಯಲ್ಲಿದೆ. ಡಬ್ಬಿ ಹಾಲಿನ ಜಾಹೀರಾತನ್ನು ನಿಷೇಧಿಸಿದ ಕಾಯಿದೆ 1992ರಲ್ಲಿಯೇ ಬಂದಿದೆ. ಆರು ತುಂಬಿದ ಮೇಲಿನ ಪುಷ್ಟಿ ಹಿಟ್ಟಿನ ವಿಷಯದಲ್ಲಿ ನನ್ನದೊಂದು ತಕರಾರಿದೆ: ಅದನ್ನು ತೆಳ್ಳಗೆ ಕಾಸಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ, ಚಮಚದಿಂದ ಜಾರದಷ್ಟು ಗಟ್ಟಿಯಾಗಿ, ಮೇಲೊಂದು ಹನಿ ಎಣ್ಣೆಯೋ ತುಪ್ಪವೋ ಹಾಕಿ ಉಣಿಸಬೇಕೆಂಬುದನ್ನು ಪೊಟ್ಟಣ ಕೊಡುವಾಗ ಮಾಡಿ ತೋರಿಸದಿದ್ದರೆ, ಅದು ಎಮ್ಮೆಯ ಕಲಗಚ್ಚಿಗೆ ಸೇರಿದರೂ ಆಶ್ಚರ್ಯವಿಲ್ಲ.

ಮಹಾರಾಷ್ಟ್ರದ ಗಡಿಯ ತೊಡಕನ್ನು ಎರಡು ಮಾತಿನಲ್ಲಿ ಹೇಳಬಹುದು. ಕಾಗವಾಡದ ಸೊಸೆಯ ತವರು ಮಿರಜಿನ ಕಡೆ, ನಿಪ್ಪಾಣಿಯ ಸೊಸೆಯ ತವರು ಕಾಗಲದ ಕಡೆ. ಹೆರಿಗೆಗೆಂದು ತವರಿಗೆ ಹೋದ ದಿನವೇ ಅವಳು ಒಂದು ರಾಜ್ಯದ ದಫ್ತರಿನಿಂದ ಜಾರಿ ಇನ್ನೊಂದರಲ್ಲಿ ಏರಬೇಕು, ಏರುವ ಹೊತ್ತಿಗೆ ಬಾಣಂತನ ಮುಗಿದಿರುತ್ತದೆ.

ಇನ್ನು ಪರಿಹಾರದ ಮಾತು. ಬೀಡಿಯ ಮನೆಗಳಿರುವ ಓಣಿಗಳಲ್ಲಿ ಊಟವನ್ನು ಡಬ್ಬಿಯಲ್ಲಿ, ಅವಳ ಹೆಸರಿನಲ್ಲಿ, ಬಿಸಿಯಾಗಿಯೇ ಮನೆಯ ಬಾಗಿಲಿಗೆ ಮುಟ್ಟಿಸಿ, ಮೊಟ್ಟೆಯನ್ನು ಮಾತ್ರ ಅಂಗನವಾಡಿಯ ಸಹಾಯಕಿ ಎದುರಿಗೆ ನಿಂತು ತಿನ್ನಿಸುವುದಾದರೆ ಅದೇನು ದೊಡ್ಡ ಖರ್ಚಲ್ಲ. ಮೊಟ್ಟೆಯ ಪೇಟೆ ದರ ಏರಿದಾಗಲೆಲ್ಲ ಅಂಗನವಾಡಿ ಕಾರ್ಯಕರ್ತೆಯು ಕೈಯಿಂದ ಹಾಕುವ ಹಣವನ್ನು ಮೊದಲು ತಡವಿಲ್ಲದೆ ತೀರಿಸಬೇಕು. ಕಬ್ಬಿನ ಹೊಲಗಳಿಗೆ ಇಷ್ಟು ಸಾಲದು. ಹಂಗಾಮಿನಲ್ಲಿ ವಿಜಯಪುರದ ಕಡೆಯಿಂದಲೂ ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ಬರುವ ಕಬ್ಬು ಕಡಿಯುವವರ ಗ್ಯಾಂಗುಗಳು ರವದಿಯ ಗುಡಿಸಲು ಹಾಕಿಕೊಂಡು ನಿಲ್ಲುತ್ತವೆ. ನಸುಕಿನಲ್ಲಿ ಕೊಯ್ತಾ ಹಿಡಿದ ಹೆಂಗಸು ನಡುಹಗಲಿನಲ್ಲಿ ಅಂಗನವಾಡಿಯನ್ನು ಹುಡುಕಿಕೊಂಡು ಬರಲಾರಳು, ಬಂದರೂ ‘ನಿನ್ನ ಹೆಸರ ಇಲ್ಲಿಲ್ಲ’ ಎನ್ನಿಸಿಕೊಳ್ಳುವಳು. ಕಾಯಿದೆಯು ಸ್ಥಳೀಯ ಅಂಗನವಾಡಿ ಎಂದಿದೆಯೇ ಹೊರತು ಹುಟ್ಟೂರಿನ ಅಂಗನವಾಡಿ ಎಂದಿಲ್ಲ. ಯಾವ ಹೊಲದಿಂದ ಯಾವ ಟ್ರ್ಯಾಕ್ಟರಿನಲ್ಲಿ ಎಷ್ಟು ಟನ್ ಕಬ್ಬು ಬಂದಿತೆಂದು ಕಾಟಾದ ಮೇಲೆ ತೂಗಿ ಬರೆದಿಡುವ ಕಾರ್ಖಾನೆಗಳು, ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನಿಗೆ ಮುಂಗಡ ಕೊಡುವಾಗಲೇ ಅದರಲ್ಲಿರುವ ಬಸುರಿಯರ, ಬಾಣಂತಿಯರ, ಕೂಸುಗಳ ಯಾದಿಯನ್ನು ಪಡೆದು ಶಿಶು ಅಭಿವೃದ್ಧಿ ಅಧಿಕಾರಿಗಳ ಕಚೇರಿಗೆ ಕಳಿಸಬಹುದು. ಕಚೇರಿಯು ಗುಡಿಸಲುಗಳ ಹತ್ತಿರವೇ, ಗ್ಯಾಂಗು ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಊಟ ಕೊಡಬಹುದು. ಕಾರ್ಖಾನೆಗಳು ನುರಿಸಲು ತೊಡಗುವುದು ಸಾಮಾನ್ಯವಾಗಿ ದೀಪಾವಳಿಯ ಹಿಂದುಮುಂದೆ. ಮುಂಗಡದ ಮಾತುಕತೆ ಅದಕ್ಕಿಂತ ಎಷ್ಟೋ ಮುಂಚೆ ನಡೆಯುವುದರಿಂದ, ಯಾದಿ ಮಾಡಲು ಸಮಯ ಸಾಕಷ್ಟಿದೆ.