ಬೆಲೆ ಏರಿಸಿದವರು ಯಾರು?

2025ರ ಏಪ್ರಿಲ್ 1ರಂದು ಕರ್ನಾಟಕದ ಜನರ ಐದು ಖರ್ಚುಗಳು ಒಟ್ಟಿಗೇ ಬದಲಾದವು. ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ವಿದ್ಯುತ್ತಿನ ಹೊಸ ದರ ಜಾರಿಗೆ ಬಂತು. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ಶೇ 21.17ಕ್ಕೆ ಏರಿತು. ಹೆದ್ದಾರಿಯ ಟೋಲ್ ಪರಿಷ್ಕರಣೆಯಾಯಿತು. ಅಗತ್ಯ ಔಷಧಿಗಳ ಮಿತಿ ಬೆಲೆಯೂ ಮೇಲೆ ಹೋಯಿತು. ಕಿರಾಣಿ ಅಂಗಡಿಯ ಮುಂದೆ, ಬಸ್ಸಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ಅವತ್ತು ಕೇಳಿಬಂದದ್ದು ಒಂದೇ ಮಾತು: "ಸರ್ಕಾರ ಎಲ್ಲದರ ರೇಟೂ ಏರಿಸಿಬಿಡ್ತು."

ಕೈಯಿಂದ ದುಡ್ಡು ಹೋದವರ ಸಿಟ್ಟು ಸುಳ್ಳಲ್ಲ. ಆದರೆ ಈ ಐದೂ ತೀರ್ಮಾನಗಳು ಐದು ಬೇರೆ ಬೇರೆ ಕಡೆ ಆದವು. ಹಾಲಿಗೆ ಒಪ್ಪಿಗೆ ಕೊಟ್ಟದ್ದು ವಿಧಾನಸೌಧದ ಸಚಿವ ಸಂಪುಟ. ವಿದ್ಯುತ್ ದರ ಆದೇಶ ಹೊರಡಿಸಿದ್ದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಡೀಸೆಲ್ ತೆರಿಗೆ ರಾಜ್ಯದ ಹಣಕಾಸು ಇಲಾಖೆಯದು. ಟೋಲ್ ಏರುವುದು ಕೇಂದ್ರದ 2008ರ ನಿಯಮಗಳ ಪ್ರಕಾರ: ವರ್ಷಕ್ಕೆ ಶೇ 3 ಖಾಯಂ, ಅದರ ಮೇಲೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40 ಭಾಗ. ಔಷಧಿಯ ಲೆಕ್ಕ ದೆಹಲಿಯ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರದ್ದು. ಎಲ್ಲವನ್ನೂ "ಸರ್ಕಾರ" ಎಂಬ ಒಂದೇ ಹೆಸರಿನ ತಲೆಗೆ ಕಟ್ಟಿದಾಗ, ಯಾರನ್ನು ಯಾವಾಗ ಕೇಳಬೇಕು ಎಂಬ ಪ್ರಶ್ನೆಯೇ ಕಳೆದುಹೋಗುತ್ತದೆ. ನನಗೆ ಕಳವಳ ಇರುವುದು ಅಲ್ಲಿ.

"ಹಾಲಿನ ದರ ಏರಿದರೆ ಖಜಾನೆಗೆ ಲಾಭ"

ಇದು ತಪ್ಪು. ಪ್ಯಾಕೆಟ್ ಹಾಲಿಗೆ ಜಿಎಸ್‌ಟಿ ಇಲ್ಲ. ನಂದಿನಿ ಮಾರುವ ಕೆಎಂಎಫ್ ಸರ್ಕಾರಿ ಇಲಾಖೆಯೂ ಅಲ್ಲ, ಜಿಲ್ಲಾ ಹಾಲು ಒಕ್ಕೂಟಗಳ ಸಹಕಾರಿ ಮಹಾಮಂಡಳ. ಹೆಚ್ಚಿನ ದುಡ್ಡು ಸೇರಬೇಕಾದದ್ದು ಡೇರಿಗೆ ಹಾಲು ಹಾಕುವವರಿಗೆ. ದರ ಏರಿಸಲು ಕೆಎಂಎಫ್ ಸರ್ಕಾರದ ಒಪ್ಪಿಗೆಗೆ ಕಾಯುತ್ತದೆ, ಏಕೆಂದರೆ ಹಾಲಿನ ಬೆಲೆ ಯಾವ ಪಕ್ಷದ ಸರ್ಕಾರಕ್ಕಾದರೂ ಮತಗಳ ವಿಷಯ. ಹೀಗಾಗಿ ಮೇವು, ಹಿಂಡಿ, ಸಾಗಣೆ ದುಬಾರಿಯಾದಾಗ ತಕ್ಷಣ ಪರಿಷ್ಕರಣೆ ಆಗುವುದಿಲ್ಲ. ಒತ್ತಡ ತುಂಬಿ ಬಂದ ಮೇಲೆ ಒಮ್ಮೆಲೇ ಆಗುತ್ತದೆ.

ಜನ ಗೊಂದಲಕ್ಕೆ ಬಿದ್ದದ್ದು ಪ್ಯಾಕೆಟ್ಟಿನ ಅಳತೆಯಲ್ಲಿ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ಲೀಟರಿಗೆ 42 ರೂಪಾಯಿ ಇತ್ತು. 2024ರ ಜೂನ್ 26ರಿಂದ ಪ್ಯಾಕೆಟ್ಟಿಗೆ 50 ಎಂಎಲ್ ಹೆಚ್ಚುವರಿ ಹಾಲು ತುಂಬಿ 2 ರೂಪಾಯಿ ಸೇರಿಸಿದರು. ಬೇಕೋ ಬೇಡವೋ, 1,050 ಎಂಎಲ್‌ಗೆ 44 ರೂಪಾಯಿ ಕೊಡಬೇಕಾಯಿತು. "ದರ ಏರಿಕೆ ಅಲ್ಲ" ಎಂದು ಸರ್ಕಾರ ಹೇಳಿತು. ಲೀಟರಿನ ಲೆಕ್ಕಕ್ಕೆ ಅದು ಸರಿ, 41 ರೂಪಾಯಿ 90 ಪೈಸೆ ಬೀಳುತ್ತಿತ್ತು. ದಿನಕ್ಕೆ ಒಂದು ಪ್ಯಾಕೆಟ್ ತರುವ ಮನೆಗೆ ಮಾತ್ರ ತಿಂಗಳಿಗೆ 60 ರೂಪಾಯಿ ಹೆಚ್ಚು ಖರ್ಚಾಗಿದ್ದೂ ಅಷ್ಟೇ ಸರಿ. 2025ರ ಏಪ್ರಿಲ್‌ನಲ್ಲಿ ಆ 50 ಎಂಎಲ್ ತೆಗೆದು, ಪೂರ್ತಿ ಒಂದು ಲೀಟರಿಗೆ 46 ರೂಪಾಯಿ ಮಾಡಿದರು. ಪ್ಯಾಕೆಟ್ ನೋಡಿದವರಿಗೆ ಕಂಡದ್ದು 2 ರೂಪಾಯಿ ಏರಿಕೆ, ಹಾಲಿನ ಲೆಕ್ಕದಲ್ಲಿ ಆದದ್ದು 4 ರೂಪಾಯಿ. ಪ್ಯಾಕೆಟ್ಟಿನ ಮೇಲಿನ ಬೆಲೆಯನ್ನಷ್ಟೇ ಓದಿ ಅಳತೆ ಓದದಿದ್ದರೆ ಇದು ತಿಳಿಯುವುದೇ ಇಲ್ಲ.

"ಏರಿದ 4 ರೂಪಾಯಿಯೂ ರೈತರ ಕೈಗೆ ಸೇರಿ ಅಲ್ಲೇ ಉಳಿಯುತ್ತದೆ" ಎಂಬ ನಂಬಿಕೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಗ್ರಾಹಕರ ದರಕ್ಕೆ ಸರ್ಕಾರದ ಒಪ್ಪಿಗೆ ಬೇಕು. ಖರೀದಿ ದರವನ್ನು ಆಯಾ ಒಕ್ಕೂಟವೇ ತೀರ್ಮಾನಿಸುತ್ತದೆ. ಜಿಡ್ಡಿನ ಅಂಶ, ಜಿಡ್ಡೇತರ ಘನಾಂಶ ನೋಡಿ ದುಡ್ಡು ಕೊಡುತ್ತಾರೆ. ಹಸಿರು ಮೇವು ಸಿಕ್ಕು ಹಾಲು ಹೆಚ್ಚು ಬರುವ ತಿಂಗಳುಗಳಲ್ಲಿ ಒಕ್ಕೂಟಗಳು ಖರೀದಿ ದರ ಇಳಿಸುವುದೂ ಉಂಟು. ಪೇಟೆಯ ಪ್ಯಾಕೆಟ್ಟಿನ ಬೆಲೆ ಮಾತ್ರ ಆಗ ಇಳಿಯುವುದಿಲ್ಲ. ಗ್ರಾಹಕರೂ ಹಾಲು ಉತ್ಪಾದಕರೂ ಸೇರಿ ಕೇಳಬೇಕಾದ ಪ್ರಶ್ನೆ ಇದು.

"ಶಕ್ತಿ ಯೋಜನೆಯ ಹೊರೆಯನ್ನು ಗಂಡಸರ ಟಿಕೆಟ್ಟಿಗೆ ಹಾಕಿದರು"

2025ರ ಜನವರಿ 5ರಿಂದ ನಾಲ್ಕೂ ಸಾರಿಗೆ ನಿಗಮಗಳ ಬಸ್ ದರ ಶೇ 15 ಏರಿದಾಗ ಎಲ್ಲ ಕಡೆ ಹರಡಿದ ಮಾತಿದು. ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಕಂಡಕ್ಟರ್ ಕೊಡುವ ಶೂನ್ಯ ದರದ ಟಿಕೆಟ್‌ಗೂ ಲೆಕ್ಕದಲ್ಲಿ ಬೆಲೆ ಇದೆ. ಆ ಮೊತ್ತವನ್ನು ರಾಜ್ಯ ಸರ್ಕಾರ ನಿಗಮಗಳಿಗೆ ತುಂಬಿಕೊಡಬೇಕು. ಟಿಕೆಟ್ ದರ ಏರಿದರೆ ಶೂನ್ಯ ಟಿಕೆಟ್ಟಿನ ಬೆಲೆಯೂ ಏರುತ್ತದೆ, ಅಂದರೆ ಸರ್ಕಾರ ಕಟ್ಟಬೇಕಾದ ಬಾಕಿಯೂ ಬೆಳೆಯುತ್ತದೆ. ಶಕ್ತಿಯ ಖರ್ಚು ಉಳಿಸಲು ದರ ಏರಿಸಿದರು ಎಂಬ ವಾದ ಇಲ್ಲಿ ತಲೆಕೆಳಗಾಗುತ್ತದೆ. ಸರ್ಕಾರ ಆ ದುಡ್ಡನ್ನು ತಡಮಾಡಿ ಕೊಟ್ಟರೆ ನಿಗಮಗಳು ಸಾಲಕ್ಕೆ ಬೀಳುತ್ತವೆ ಎಂಬ ಟೀಕೆಯಲ್ಲಿ ಹುರುಳಿದೆ, ಆದರೆ ಅದು ಬೇರೆ ದೂರು.

ಏರಿಕೆಗೆ ಸರ್ಕಾರ ಕೊಟ್ಟ ಲೆಕ್ಕ ಇದು: ನಾಲ್ಕು ನಿಗಮಗಳ ದಿನದ ಡೀಸೆಲ್ ಖರ್ಚು 9.16 ಕೋಟಿಯಿಂದ 13.21 ಕೋಟಿ ರೂಪಾಯಿಗೆ ಹೋಗಿದೆ, ದಿನದ ಸಿಬ್ಬಂದಿ ವೆಚ್ಚ 12.85 ಕೋಟಿಯಿಂದ 18.36 ಕೋಟಿಗೆ. ಬೆಂಗಳೂರಿನ ಬಿಎಂಟಿಸಿ ದರ ಅದಕ್ಕೆ ಮುಂಚೆ ಪರಿಷ್ಕರಣೆಯಾದದ್ದು 2015ರ ಜನವರಿಯಲ್ಲಿ. ಹತ್ತು ವರ್ಷ ದರ ಏರದಿದ್ದದ್ದನ್ನು ನಾವು ಉಪಕಾರವೆಂದು ಭಾವಿಸಿದೆವು. ಆ ಹತ್ತು ವರ್ಷದ ನಷ್ಟ ಹಳೆಯ ಬಸ್ಸುಗಳಾಗಿ, ತುಂಬದ ಹುದ್ದೆಗಳಾಗಿ, ಕೊನೆಗೆ ಒಂದೇ ರಾತ್ರಿಯ ಶೇ 15 ಆಗಿ ನಮ್ಮ ಮೇಲೆಯೇ ಬಂತು. ವರ್ಷಕ್ಕಿಷ್ಟು ಎಂದು ಸಣ್ಣದಾಗಿ, ಮುಂಚೆಯೇ ಹೇಳಿ ಏರಿಸುವುದು ದಿನಗೂಲಿಯವರಿಗೂ ಒಳ್ಳೆಯದು ಎಂದು ನಾನು ನಂಬಿದ್ದೇನೆ.

ಬೆಂಗಳೂರು ಮೆಟ್ರೊದಲ್ಲೂ ಇದೇ ಆಯಿತು. 2017ರ ನಂತರ ಮುಟ್ಟದ ದರ 2025ರ ಫೆಬ್ರುವರಿ 9ರಂದು ಏರಿತು, ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಹೋಯಿತು. ರಾಜ್ಯ ಕೇಂದ್ರದ ಕಡೆ, ಕೇಂದ್ರ ರಾಜ್ಯದ ಕಡೆ ಬೆರಳು ತೋರಿಸಿದವು. 2002ರ ಮೆಟ್ರೊ ಕಾಯ್ದೆಯಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ದರ ನಿಗದಿ ಸಮಿತಿಯನ್ನು ರಚಿಸುವುದು ಕೇಂದ್ರ. ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಅದರ ಅಧ್ಯಕ್ಷರು. ಕೇಂದ್ರದ ಒಬ್ಬರು, ರಾಜ್ಯದ ಒಬ್ಬರು ಸದಸ್ಯರು. ಸಮಿತಿಯ ಶಿಫಾರಸಿಗೆ ಮೆಟ್ರೊ ನಿಗಮ ಬದ್ಧ. ಎರಡೂ ಸರ್ಕಾರಗಳ ಪ್ರತಿನಿಧಿಗಳು ಆ ಸಮಿತಿಯಲ್ಲಿ ಕೂತಿದ್ದರು ಎಂದ ಮೇಲೆ "ನಮಗೆ ಗೊತ್ತೇ ಇಲ್ಲ" ಎನ್ನುವ ಹಕ್ಕು ಇಬ್ಬರಿಗೂ ಇಲ್ಲ.

"ಅನುಮೋದನೆ ಎಂದರೆ ಏರಿಸಲು ಪರವಾನಗಿ, ಅಷ್ಟೇ"

ಸರ್ಕಾರ ಅನುಮೋದಿಸಿದ ದರ ಒಂದು ಎಲ್ಲೆಯೂ ಹೌದು. ಬೆಂಗಳೂರಿನ ಆಟೊ ದರ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ, ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ಅದಕ್ಕಿಂತ ಹೆಚ್ಚು ಕೇಳಿದರೆ ದೂರು ಕೊಡಲು ನಮಗೆ ಆಧಾರ ಇರುವುದು ಆ ಆದೇಶವೇ. ಇತ್ತ ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್‌ಗಳ ಎಂಆರ್‌ಪಿಯನ್ನು ಸರ್ಕಾರ ನಿಗದಿ ಮಾಡುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಅದನ್ನು ತೀರ್ಮಾನಿಸುವವರು ತಯಾರಕರೇ. ಕಾನೂನು ಕೇಳುವುದು ಬೆಲೆ ಮುದ್ರಿಸಿ, ಅದಕ್ಕಿಂತ ಹೆಚ್ಚಿಗೆ ಮಾರಬೇಡಿ ಎಂದಷ್ಟೇ.

ಔಷಧಿಯಲ್ಲಿ ಈ ಎಲ್ಲೆ ಜೀವಕ್ಕೆ ಸಂಬಂಧಿಸಿದ್ದು, ತಪ್ಪು ತಿಳಿವಳಿಕೆಯೂ ಅಲ್ಲೇ ಹೆಚ್ಚು. 2024ರ ಏಪ್ರಿಲ್‌ನಲ್ಲಿ "ಔಷಧಿ ಬೆಲೆ ಶೇ 12 ಏರಿಕೆ" ಎಂಬ ಸುದ್ದಿ ಮೊಬೈಲುಗಳಲ್ಲಿ ಓಡಾಡಿತು. ಶೇ 12.12 ಏರಿಕೆಗೆ ಅವಕಾಶ ಸಿಕ್ಕಿದ್ದು 2023ರಲ್ಲಿ. 2024ರಲ್ಲಿ ಸಿಕ್ಕಿದ್ದು ಶೇ 0.00551, ನೂರು ರೂಪಾಯಿಗೆ ಒಂದು ಪೈಸೆಯೂ ಪೂರ್ತಿ ಆಗದಷ್ಟು. 2025ರಲ್ಲಿ ಶೇ 1.74. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗೆ ಪ್ರಾಧಿಕಾರ ಮಿತಿ ಬೆಲೆ ಕಟ್ಟುತ್ತದೆ, ಹಿಂದಿನ ವರ್ಷದ ಸಗಟು ಬೆಲೆ ಸೂಚ್ಯಂಕ ನೋಡಿ ವರ್ಷಕ್ಕೊಮ್ಮೆ ಅದು ಬದಲಾಗುತ್ತದೆ. ಮಾತ್ರೆಯೊಂದರ ಮಿತಿ ಬೆಲೆ 2 ರೂಪಾಯಿ ಇದ್ದರೆ, ಶೇ 1.74 ಎಂದರೆ ಮೂರೂವರೆ ಪೈಸೆ. ಹದಿನೈದು ಮಾತ್ರೆಯ ಸ್ಟ್ರಿಪ್ಪಿಗೆ ಐವತ್ತೆರಡು ಪೈಸೆ.

ಹಾಗಿದ್ದರೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗೆ ವರ್ಷವರ್ಷವೂ ಹೆಚ್ಚು ದುಡ್ಡು ಹೋಗುವುದೇಕೆ? ಪಟ್ಟಿಯ ಆಚೆಗಿನ ಔಷಧಿಗಳ ಬೆಲೆಯನ್ನು ಕಂಪನಿಗಳು 12 ತಿಂಗಳಿಗೆ ಶೇ 10ರವರೆಗೆ ಯಾರ ಅನುಮತಿಯೂ ಇಲ್ಲದೆ ಏರಿಸಬಹುದು. 2013ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲೇ ಆ ಅವಕಾಶ ಇದೆ. ಎರಡು ಮೂರು ಔಷಧಿ ಸೇರಿಸಿ ಮಾಡಿದ ಅನೇಕ ಮಾತ್ರೆಗಳು ಪಟ್ಟಿಯ ಹೊರಗಿವೆ. ಅನುಮೋದನೆಯ ಸುದ್ದಿ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ಅನುಮೋದನೆಯೇ ಬೇಡದ ಏರಿಕೆಯ ಸುದ್ದಿ ಎಲ್ಲೂ ಬರುವುದಿಲ್ಲ. ಪಿಂಚಣಿಯ ಅರ್ಧ ಮೆಡಿಕಲ್ ಶಾಪಿಗೆ ಕೊಡುವ ಹಿರಿಯರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು. ಬರೆದುಕೊಟ್ಟ ಔಷಧಿಗೆ ಮಿತಿ ಬೆಲೆ ಇದೆಯೇ ಎಂದು ಪ್ರಾಧಿಕಾರದ "ಫಾರ್ಮಾ ಸಹಿ ದಾಮ್" ಆ್ಯಪ್‌ನಲ್ಲಿ ನೋಡಬಹುದು. ಸಂಯೋಜಿತ ಮಾತ್ರೆಯ ಬದಲು ಅದೇ ಔಷಧಿಗಳನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಬಹುದು. ಅವರ ಮಾತಿಲ್ಲದೆ ನಾವಾಗಿಯೇ ಬದಲಿಸಬಾರದು.

"ಯೂನಿಟ್ ದರ ಇಳಿದರೆ ಬಿಲ್ಲೂ ಇಳಿಯುತ್ತದೆ"

2025ರ ವಿದ್ಯುತ್ ಆದೇಶದಲ್ಲಿ ಮನೆ ಬಳಕೆಯ ಯೂನಿಟ್ ದರ 5.90ರಿಂದ 5.80 ರೂಪಾಯಿಗೆ ಇಳಿಯಿತು. ಬಿಲ್ ಹೆಚ್ಚಾಯಿತು. ಮೀಟರ್ ಕೆಟ್ಟಿದೆ ಎಂದು ಎಷ್ಟೋ ಜನ ದೂರು ಹಿಡಿದು ಓಡಿದರು.

3 ಕಿಲೋವ್ಯಾಟ್ ಮಂಜೂರಾದ ಲೋಡ್ ಇರುವ, ತಿಂಗಳಿಗೆ 250 ಯೂನಿಟ್ ಸುಡುವ ಮನೆಯ ಬಿಲ್ ತೆಗೆದುಕೊಳ್ಳಿ. 200 ಯೂನಿಟ್ ದಾಟಿದ್ದರಿಂದ ಗೃಹಜ್ಯೋತಿಯ ಉಚಿತ ವಿದ್ಯುತ್ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಯೂನಿಟ್ ದರದಲ್ಲಿ 25 ರೂಪಾಯಿ ಉಳಿಯಿತು. ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145 ಆದದ್ದರಿಂದ 75 ರೂಪಾಯಿ ಸೇರಿತು. ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಮತ್ತು ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆಯ ಹೊಸ ಸರ್‌ಚಾರ್ಜ್ ಬಂತು, ಅದು 90 ರೂಪಾಯಿ. ಒಟ್ಟು 140 ರೂಪಾಯಿ ಹೆಚ್ಚು. ವಿದ್ಯುತ್ ತೆರಿಗೆ, ಇಂಧನ ಮತ್ತು ಖರೀದಿ ವೆಚ್ಚದ ಹೊಂದಾಣಿಕೆ ಬೇರೆ. ಈ ಪೈಕಿ ನಿಗದಿತ ಶುಲ್ಕ ದೀಪ ಹಚ್ಚದಿದ್ದರೂ ಬರುತ್ತದೆ. ಊರಿಗೆ ಹೋಗಿ ಬೀಗ ಹಾಕಿದ ಮನೆಗೂ 2025ರ ಆ ದರದಲ್ಲಿ ತಿಂಗಳಿಗೆ 435 ರೂಪಾಯಿ. ಮನೆ ಕಟ್ಟುವಾಗ ಇರಲಿ ಎಂದು ಹೆಚ್ಚಿನ ಲೋಡ್ ಬರೆಸಿ, ಈಗ ಇಬ್ಬರೇ ಇರುವ ಮನೆಯವರು ಲೋಡ್ ಇಳಿಸಲು ಎಸ್ಕಾಂಗೆ ಅರ್ಜಿ ಹಾಕಬಹುದು. ಬಹಳ ಜನರಿಗೆ ಈ ದಾರಿ ಗೊತ್ತೇ ಇಲ್ಲ.

ವಿದ್ಯುತ್ ದರವನ್ನು ಮಂತ್ರಿಗಳು ಕೂತು ಏರಿಸುತ್ತಾರೆ ಎಂಬುದೂ ತಪ್ಪು. 1999ರಲ್ಲಿ ಹುಟ್ಟಿದ ಕೆಇಆರ್‌ಸಿ ಅರೆ ನ್ಯಾಯಿಕ ಸಂಸ್ಥೆ. ಹಾಗೆಂದು "ನಮಗೂ ಇದಕ್ಕೂ ಸಂಬಂಧವಿಲ್ಲ" ಎಂದು ಸರ್ಕಾರ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಆಯೋಗದ ಸದಸ್ಯರನ್ನು ನೇಮಿಸುವುದು ಸರ್ಕಾರ. 2003ರ ವಿದ್ಯುತ್ ಕಾಯ್ದೆಯ 108ನೇ ಸೆಕ್ಷನ್ನಿನಡಿ ಸಾರ್ವಜನಿಕ ಹಿತದ ನೀತಿಯ ವಿಷಯದಲ್ಲಿ ನಿರ್ದೇಶನ ಕೊಡಬಹುದು. 65ನೇ ಸೆಕ್ಷನ್ ಪ್ರಕಾರ ಯಾವ ವರ್ಗಕ್ಕಾದರೂ ಸಬ್ಸಿಡಿ ಕೊಡುವುದಾದರೆ ಆ ದುಡ್ಡನ್ನು ಮುಂಗಡವಾಗಿ ಕಟ್ಟಬೇಕು. ಗೃಹಜ್ಯೋತಿಯ ದುಡ್ಡು, ಪಂಪ್‌ಸೆಟ್ಟಿನ ದುಡ್ಡು ಹೊತ್ತಿಗೆ ಸರಿಯಾಗಿ ಬಂದಿದೆಯೇ ಎಂಬುದು ಶಾಸನಸಭೆಯಲ್ಲಿ ಕೇಳಬೇಕಾದ ಪ್ರಶ್ನೆ.

ಇದೇ ಕಾಯ್ದೆಯ 64ನೇ ಸೆಕ್ಷನ್ ನಮಗೆ ಕೊಟ್ಟದ್ದು ಇನ್ನೂ ದೊಡ್ಡದು. ಎಸ್ಕಾಂ ಸಲ್ಲಿಸಿದ ದರದ ಅರ್ಜಿಯ ಸಾರಾಂಶ ಪತ್ರಿಕೆಯಲ್ಲಿ ಪ್ರಕಟವಾಗಬೇಕು. ಜನರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿ 120 ದಿನಗಳೊಳಗೆ ಆಯೋಗ ಆದೇಶ ಕೊಡಬೇಕು. ಕಂಪನಿ ಕೇಳಿದಷ್ಟನ್ನೂ ಆಯೋಗ ಒಪ್ಪಬೇಕೆಂದಿಲ್ಲ, ಕಡಿತ ಮಾಡುತ್ತದೆ, ತಿರಸ್ಕರಿಸುತ್ತದೆ. ಕೈಗಾರಿಕೆಗಳ ಸಂಘಗಳು, ರೈತ ಸಂಘಟನೆಗಳು ಲೆಕ್ಕದ ಹಾಳೆ ಹಿಡಿದು ವಿಚಾರಣೆಗೆ ಬರುತ್ತವೆ. ಬಾಡಿಗೆ ಮನೆಯವರು, ಅಪಾರ್ಟ್‌ಮೆಂಟ್ ಸಂಘದವರು, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು ಅಲ್ಲಿ ಕಾಣುವುದು ಅಪರೂಪ. ಅಲ್ಲಿ "ದರ ಏರಿಸಬೇಡಿ" ಎಂದಷ್ಟೇ ಹೇಳಿದರೆ ಆಯೋಗಕ್ಕೆ ಹಿಡಿಯಲು ಏನೂ ಸಿಗದು. ನಿಮ್ಮ ಎಸ್ಕಾಂನ ವಿತರಣಾ ನಷ್ಟ ಎಷ್ಟು, ಸರ್ಕಾರಿ ಕಚೇರಿಗಳು ಮತ್ತು ಸ್ಥಳೀಯ ಸಂಸ್ಥೆಗಳಿಂದ ಬರಬೇಕಾದ ಬಾಕಿ ಎಷ್ಟು, ವಿದ್ಯುತ್ತನ್ನು ಯಾವ ದರಕ್ಕೆ ಕೊಂಡಿದ್ದಾರೆ: ಅರ್ಜಿಯಲ್ಲೇ ಇರುವ ಈ ಅಂಕಿಗಳನ್ನು ಹಿಡಿದು ಕೇಳಿದ ಪ್ರಶ್ನೆಗೆ ಕಂಪನಿ ಉತ್ತರ ಕೊಡಲೇಬೇಕಾಗುತ್ತದೆ. ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯಬಹುದು. ವಿಳಾಸ, ಗಡುವು ಪ್ರಕಟಣೆಯಲ್ಲೇ ಇರುತ್ತವೆ. ಅರ್ಜಿ ಸಲ್ಲಿಕೆಯಾಗುವುದು ಸಾಮಾನ್ಯವಾಗಿ ನವೆಂಬರ್ ಕೊನೆಗೆ, ಆದೇಶ ಬರುವುದು ಏಪ್ರಿಲ್‌ಗೆ ಮುಂಚೆ. ಬೆಲೆ ಏರುವ ಮೊದಲು ಮಾತಾಡಲು ಇರುವ ತಿಂಗಳುಗಳು ಅವೇ.