‘ಮನೆಯವರು ನೋಡ್ಕೋತಾರೆ’ ಅನ್ನುವ ಸುಳ್ಳು

ಬೌದ್ಧಿಕ ವೈಕಲ್ಯ ಇರುವ ದೊಡ್ಡವರ ವಿಷಯ ಎತ್ತಿದರೆ ಸಾಕು, ಒಂದೇ ಮಾತು ಬರುತ್ತದೆ: ‘ನಮ್ಮಲ್ಲಿ ಮನೆಯವರು ನೋಡ್ಕೋತಾರೆ, ಸರ್ಕಾರ ಯಾಕೆ ದುಡ್ಡು ಹಾಕಬೇಕು?’ ಹೋದ ತಿಂಗಳು ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಹಿರಿಯರು ಇದನ್ನೇ ಹೆಮ್ಮೆಯಿಂದ ಹೇಳಿದರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಆ ಮದುವೆಗೆ ನನ್ನ ಚಿಕ್ಕಮ್ಮ ಬಂದಿರಲಿಲ್ಲ. ಹದಿನೈದು ವರ್ಷದಿಂದ ಅವರು ಯಾರ ಮದುವೆಗೂ ಬಂದಿಲ್ಲ. ಆ ಹಿರಿಯರು ಹೇಳುವ ‘ಮನೆಯವರು’ ಅಂದರೆ ಆಕೆ ಒಬ್ಬರೇ.

ಚಿಕ್ಕಮ್ಮನಿಗೆ 68, ಬೌದ್ಧಿಕ ವೈಕಲ್ಯ ಇರುವ ಮಗನಿಗೆ 37. ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವನನ್ನು ಕೂರಿಸಿ ಗಡ್ಡ ತೆಗೆಯುತ್ತಾರೆ. ನಿಂತರೆ ಅವನು ಅವರಿಗಿಂತ ಒಂದಡಿ ಎತ್ತರ. ಎಡಗೈಯಲ್ಲಿ ಗಲ್ಲ ಹಿಡಿದು, ಬಲಗೈಯಲ್ಲಿ ರೇಜರ್. ಬೆರಳಿನ ಗೆಣ್ಣುಗಳು ಊದಿಕೊಂಡಿವೆ. ನಡುನಡುವೆ ನಿಲ್ಲಿಸಿ ಕೈ ಕೊಡವಿಕೊಳ್ಳುತ್ತಾರೆ. ಅವನು ಕಣ್ಣು ಮುಚ್ಚಿಕೊಂಡು, ಮತ್ತೆ ಶುರುವಾಗುವವರೆಗೂ ಮುಖ ಮೇಲೆತ್ತಿಯೇ ಇರುತ್ತಾನೆ.

ಅವನು ವಿಶೇಷ ಶಾಲೆಯಲ್ಲಿ ಓದಿದವನು. ಚಿಲ್ಲರೆ ಎಣಿಸಿ ಹಾಲಿನ ಪ್ಯಾಕೆಟ್ ತರುವುದನ್ನು ಅಲ್ಲೇ ಕಲಿತಿದ್ದ. ಕಾನೂನು ಉಚಿತ ಶಿಕ್ಷಣ ಕೊಡುವುದು ಹದಿನೆಂಟರವರೆಗೆ. ಅದು ತುಂಬಿದ ಮೇಲೆ ಅವನು ಮನೆಗೆ ಬಂದ. ಅಂಗಡಿಯ ಹತ್ತಿರ ಹುಡುಗರು ಕಾಡಿಸಿದ ಮೇಲೆ ಹಾಲಿಗೆ ಕಳಿಸುವುದೂ ನಿಂತಿತು. ಈಗ ಹತ್ತು ರೂಪಾಯಿಯ ನಾಣ್ಯ ಯಾವುದು, ಐದರದು ಯಾವುದು ಅಂತ ಅವನಿಗೆ ಗೊತ್ತಾಗುವುದಿಲ್ಲ. ನೋಡಿಕೊಳ್ಳುವುದರಲ್ಲಿ ಚಿಕ್ಕಮ್ಮ ಏನು ಕಡಿಮೆ ಮಾಡಿದ್ದರು?

ಹಿಂದೆಲ್ಲ ಮನೆಯವರೇ ನೋಡಿಕೊಳ್ಳುತ್ತಿರಲಿಲ್ಲವೇ ಎನ್ನುವವರು ಒಂದನ್ನು ಮರೆಯುತ್ತಾರೆ. ಆಗ ಈ ಮಕ್ಕಳಲ್ಲಿ ಹಲವರು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಅಮೆರಿಕದಲ್ಲಿ 1983ರಲ್ಲಿ ಡೌನ್ ಸಿಂಡ್ರೋಮ್ ಇದ್ದವರ ಸರಾಸರಿ ಆಯುಸ್ಸು 25 ವರ್ಷ. ಈಗ ಸುಮಾರು 60. ಹೃದಯದ ಶಸ್ತ್ರಚಿಕಿತ್ಸೆ, ಒಳ್ಳೆಯ ಔಷಧ ಸಿಕ್ಕಲ್ಲೆಲ್ಲ ಮಗ ಐವತ್ತು ದಾಟುತ್ತಾನೆ, ಆಗ ತಾಯಿಗೆ ಎಂಬತ್ತು.

‘ಪಿಂಚಣಿ ಕೊಡ್ತಾರಲ್ಲ’ ಅನ್ನುವುದು ‘ಮನೆಯವರು ನೋಡ್ಕೋತಾರೆ’ ಅನ್ನುವುದರ ಬಾಲಂಗೋಚಿ. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ, ಅದೂ ಬಡತನ ರೇಖೆಯ ಕೆಳಗಿರುವ, ತೀವ್ರ ವೈಕಲ್ಯದವರಿಗೆ. ರಾಜ್ಯ ತನ್ನ ಪಾಲು ಸೇರಿಸುತ್ತದೆ, ನಿಜ. ಆದರೆ ಹಗಲು ಹೊತ್ತು ಬಿಟ್ಟುಬರಲು ತಾಲ್ಲೂಕಿನಲ್ಲಿ ಒಂದು ಕೇಂದ್ರವೇ ಇಲ್ಲದಿದ್ದರೆ ಆ ದುಡ್ಡು ಹಿಡಿದು ಎಲ್ಲಿಗೆ ಹೋಗುವುದು?

ಆಗದ ಕೆಲಸವೇನಲ್ಲ ಇದು. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ದಕ್ಷಿಣ ಕನ್ನಡದಲ್ಲಿ ಸಂತ್ರಸ್ತರು ವರ್ಷಗಟ್ಟಲೆ ಹೋರಾಡಿದ ಮೇಲೆ ಕೊಕ್ಕಡ, ಕೊಯಿಲಗಳಲ್ಲಿ ಸರ್ಕಾರದ ದುಡ್ಡಿನಲ್ಲೇ ಪಾಲನಾ ಕೇಂದ್ರಗಳಾದವು. ಕೇರಳದಲ್ಲಿ 2004ರಲ್ಲಿ ವೆಂಗಾನೂರು ಪಂಚಾಯಿತಿ ಇಂಥ ಮಕ್ಕಳಿಗಾಗಿ ಮೊದಲ ‘ಬಡ್ಸ್’ ಶಾಲೆ ತೆರೆಯಿತು. ಇಂದು ಅಲ್ಲಿ ಸ್ಥಳೀಯ ಸಂಸ್ಥೆಗಳು ಮಹಿಳಾ ಸ್ವಸಹಾಯ ಜಾಲ ಕುಡುಂಬಶ್ರೀ ಜತೆಗೂಡಿ ಮಕ್ಕಳಿಗೆ ಶಾಲೆ, ಹದಿನೆಂಟು ದಾಟಿದವರಿಗೆ ಬೇರೆ ಪುನರ್ವಸತಿ ಕೇಂದ್ರ ನಡೆಸುತ್ತಿವೆ. ಕಾಸರಗೋಡಿನಲ್ಲಿ ಕನ್ನಡ ಮಾತಾಡುವ ಎಣ್ಮಕಜೆಯಲ್ಲೂ ಬಡ್ಸ್ ಶಾಲೆ ಇದೆ. ಗಡಿಯಾಚೆಯ ತಾಯಂದಿರಿಗೇನು ಮಕ್ಕಳ ಮೇಲೆ ಪ್ರೀತಿ ಕಡಿಮೆಯೇ?

ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಡ. ಮದುವೆ ಮಾಡಿದರೆ ಯಾರೂ ‘ಸರಿ’ಹೋಗುವುದಿಲ್ಲ, ಗೊತ್ತಿಲ್ಲದೆ ಬಂದ ಹುಡುಗಿಯ ಬಾಳು ಹಾಳಾಗುತ್ತದೆ. ‘ಐದು ವರ್ಷದ ಮಗುವಿನ ಬುದ್ಧಿ’ ಅನ್ನುವುದು ತಪ್ಪು. 37 ವರ್ಷದ ಗಂಡಸಿಗೆ ಅವನದೇ ಇಷ್ಟಾನಿಷ್ಟ, ಸಿಟ್ಟು, ನಾಚಿಕೆ ಎಲ್ಲ ಇರುತ್ತವೆ. ಪೂರ್ವಜನ್ಮದ ಕರ್ಮ ಅನ್ನುವವರು ದಯವಿಟ್ಟು ಆ ಮಾತನ್ನು ತಾಯಿಯ ಎದುರು ಆಡಬೇಡಿ. ಓದಿದವರೂ, ಡಾಕ್ಟರರೂ ಇವನ್ನು ನಂಬಿಕೊಂಡಿರುವುದು ನನಗೆ ಅರ್ಥವಾಗುವುದಿಲ್ಲ. ಹಾಲಿನ ದರ ಐವತ್ತು ಪೈಸೆ ಏರಿದರೆ ಲೆಕ್ಕ ಕೇಳುವ ನಾವು, ಇನ್ನೊಬ್ಬರ ಬದುಕಿನ ವಿಷಯದಲ್ಲಿ ಅಜ್ಜ ಹೇಳಿದ್ದನ್ನು ಹಾಗೇ ಒಪ್ಪಿಬಿಡುತ್ತೇವೆ.

ನಮ್ಮ ಗ್ರಾಮ ಪಂಚಾಯಿತಿಗಳು ಶೇ 5ರಷ್ಟು ಹಣವನ್ನು ಅಂಗವಿಕಲರಿಗೆ ಮೀಸಲಿಡಬೇಕು. ಚಿಕ್ಕಮ್ಮನ ಊರಿನಲ್ಲಿ ಅದು ಪ್ರತಿವರ್ಷ ತ್ರಿಚಕ್ರ ವಾಹನಕ್ಕೆ ಹೋಗುತ್ತದೆ. ಅದು ಬೇಕಾದವರಿಗೆ ಸಿಗಲಿ. ಚಿಕ್ಕಮ್ಮನ ಮಗ ನಡೆಯಬಲ್ಲ, ಹೋಗಲು ಜಾಗವಿಲ್ಲ ಅಷ್ಟೆ. ಹೋದ ವರ್ಷ ಗ್ರಾಮಸಭೆಯಲ್ಲಿ ಚಿಕ್ಕಮ್ಮ ಎದ್ದು ನಿಂತು ಹಗಲು ಕೇಂದ್ರ ಕೇಳಿದಾಗ ಸದಸ್ಯರೊಬ್ಬರು, ‘ನೀವಿದ್ದೀರಲ್ಲಮ್ಮ’ ಅಂದರಂತೆ.

ಈ ಸಲದ ಅರ್ಜಿ ನಾನೇ ಬರೆದುಕೊಟ್ಟಿದ್ದೇನೆ. ಏಳು ಮನೆಗಳ ಸಹಿ ಇದೆ. ಕೇಳಿರುವುದು ಒಂದು ಕೋಣೆ, ಒಬ್ಬ ಶಿಕ್ಷಕಿ, ಒಬ್ಬ ಆಯಾ, ಕರೆತರಲು ಒಂದು ಗಾಡಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ.